ಅರ್ಥ ಹೇಳುವವರ ಜಾಗ

ನಮ್ಮ ವಿಭಾಗ ಹೊರತಂದ ವಿದ್ವತ್ ಗ್ರಂಥವೊಂದರ ಪರಿಣಾಮವನ್ನು ಅನುಭವಿಸಿದವರು ಅದರ ಸಂಪಾದಕರಲ್ಲ, ಹುಸೇನಸಾಹೇಬರು. ಪುಸ್ತಕ ಊರಿಗೆ ಬಂದ ದಿನವೇ ಅವರು ತಲೆಮಾರುಗಳಿಂದ ಬಂದ ಜಾಗವನ್ನು ಕಳೆದುಕೊಂಡರು.

1974ರಲ್ಲಿ ನಾನು ವಿಶ್ವವಿದ್ಯಾಲಯವೊಂದರ ತತ್ತ್ವಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕನಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಠ, ಗದ್ದುಗೆಗಳಲ್ಲಿ ಹಳೆಯ ತತ್ತ್ವಗ್ರಂಥಗಳನ್ನು ಜನ ಹೇಗೆ ಓದಿ ಅರ್ಥ ಮಾಡಿಕೊಳ್ಳುತ್ತಾರೆಂದು ಟೇಪ್ ರೆಕಾರ್ಡರಿನಲ್ಲಿ ದಾಖಲಿಸುವುದು ನನ್ನ ಕೆಲಸ.

ದೇವರ ಹಿಪ್ಪರಗಿಯ ಆಚೆಗಿನ ಒಂದು ಹಳ್ಳಿಯ ಗದ್ದುಗೆಯಲ್ಲಿ ಸೋಮವಾರ ಸಂಜೆ ಅಯ್ಯನವರು ಗ್ರಂಥ ಓದುತ್ತಿದ್ದರು; ತೊಗರಿ ವ್ಯಾಪಾರಿ ಹುಸೇನಸಾಹೇಬರು ಪಕ್ಕದಲ್ಲಿ ಕುಳಿತು ಅರ್ಥ ಹೇಳುತ್ತಿದ್ದರು. ಅರ್ಥ ಹೇಳುವ ಆ ಜಾಗ ಅವರ ಮನೆತನದ್ದು. ಅಲ್ಲಿನ ಒಂದು ನಿಯಮ ನನ್ನನ್ನು ಹಿಡಿದು ನಿಲ್ಲಿಸಿತು. ಯಾರು ಬೇಕಾದರೂ ಆಕ್ಷೇಪ ಎತ್ತಬಹುದು. ಅರ್ಥ ಹೇಳುವವರು ಮೊದಲು ಆ ಆಕ್ಷೇಪವನ್ನು ತಮ್ಮ ಬಾಯಲ್ಲಿ ಹೇಳಬೇಕು. ಕೇಳಿದವರು ‘ಹೌದು, ಇದೇ ನನ್ನ ಮಾತು’ ಎಂದು ಒಪ್ಪಿದ ಮೇಲಷ್ಟೇ ಉತ್ತರಿಸುವ ಹಕ್ಕು. ಶಾಸ್ತ್ರದಲ್ಲಿ ಇದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಆದರೆ ಶಾಸ್ತ್ರಕಾರ ಎದುರಾಳಿಯ ವಾದವನ್ನು ತಾನೇ ಕಟ್ಟಿ ತಾನೇ ಕೆಡವುತ್ತಾನೆ. ಇಲ್ಲಿ ಎದುರಾಳಿ ಎದುರಿಗೇ ಕುಳಿತಿರುತ್ತಿದ್ದ.

ನಾನು ಹೋದ ಮೊದಲ ಸಂಜೆ ಎದ್ದು ನಿಂತವಳು ನೀಲವ್ವ, ಎಲ್ಲರೂ ಅಂಜುತ್ತಿದ್ದ ಪ್ರಶ್ನೆಗಾರ್ತಿ.

“ಮುತ್ಯಾ, ಹಸದ ನಾಯಿಗೆ ರೊಟ್ಟಿ ಹಾಕಿದೆ. ಅದು ನಮ್ಮ ಬಾಗಲದಾಗ ಠಿಕಾಣಿ ಹೂಡಿ ಬಾಜೂ ಮನಿ ಕೋಳಿ ಹಿಡೀತು. ದಯಾನ ಧರ್ಮ ಅಂತೀರಿ. ಕೋಳಿ ಸತ್ತದ್ದು ಯಾರ ತಲಿಮ್ಯಾಲ?”

“ರೊಟ್ಟಿ ಹಾಕಿದ್ದ ತಪ್ಪೇನು ಅಂತ ಕೇಳ್ತಿ.”

“ಅಲ್ರಿ! ನೀವು ತಪ್ಪಂದ್ರೂ ನಾ ಹಾಕೂದು ಬಿಡಾಕಿ ಅಲ್ಲ.”

ಜನ ನಕ್ಕರು. ಸಾಹೇಬರು ಗಡ್ಡ ನೀವಿಕೊಂಡರು. “ಹಂಗಾದ್ರ, ದಯಾ ಮಾಡಿದಾಕಿ ಮುಂದ ಆಗೂದನ್ನೂ ಹೊರಬೇಕೋ, ಕೈ ಝಾಡಿಸಿ ಒಳಗ ಹೋಗಬಹುದೋ ಅಂತ?”

“ಹೌದ್ರಿ, ಇದ ನನ್ನ ಮಾತು.”

“ಹೊರಬೇಕಬೇ. ರೊಟ್ಟೀನೂ ಹಾಕು, ನಾಯೀನ ಕಟ್ಟೂ ಹಾಕು. ದಯಾ ಹೊಸ್ತಿಲಕ್ಕ ಮುಗಿಯಂಗಿಲ್ಲ.”

ವರ್ಷವಿಡೀ ಧ್ವನಿಮುದ್ರಿಸಿದೆ. ವಿಭಾಗದ ಗ್ರಂಥದ ಕರಡಿನಲ್ಲಿ ವ್ಯಾಖ್ಯಾನಕಾರರೆಂದು ಹುಸೇನಸಾಹೇಬರ ಹೆಸರನ್ನೂ ಪ್ರಶ್ನೆ ಕೇಳಿದವರ ಹೆಸರುಗಳನ್ನೂ ಬರೆದೆ. ಸಂಪಾದಕರು ಎಲ್ಲವನ್ನೂ ಹೊಡೆದುಹಾಕಿದರು. “ಮಠೀಯ ಪರಂಪರೆಯ ವ್ಯಾಖ್ಯಾನ ಎಂದರೆ ಸಾಕು. ಈ ಹೆಸರು ಹಾಕಿದರೆ ಪರಂಪರೆಯ ಶುದ್ಧಿಯ ಪ್ರಶ್ನೆ ಏಳುತ್ತದೆ” ಎಂದರು. ಅರ್ಥ ಬೇಕು, ಹೇಳಿದವನು ಬೇಡ: ಇದು ಸಂಪಾದನೆಯಲ್ಲ, ಅಪಹರಣ. ನಾನು ಪ್ರತಿಭಟಿಸಿದೆ; ಅವರು ಕರಡನ್ನು ಹಾಗೆಯೇ ಅಚ್ಚಿಗೆ ಕಳಿಸಿದರು. ನೀಲವ್ವನ ಪ್ರಶ್ನೆ ‘ಜನಸಾಮಾನ್ಯರ ಶಂಕೆ’ ಎಂಬ ಎರಡು ಪದಗಳಲ್ಲಿ ಹೂತುಹೋಯಿತು.

ಅಚ್ಚಾದ ಪ್ರತಿಗಳನ್ನು ಊರಿಗೆ ಒಯ್ದಾಗ ಗದ್ದುಗೆಯ ಪಂಚ ಕಮಿಟಿಯ ಅಧ್ಯಕ್ಷರಾದ ಗೌಡರು ಒಂದನ್ನು ಎತ್ತಿ ಹಿಡಿದರು.

“ಸಾಹೇಬ್ರ, ದೊಡ್ಡ ಪಂಡಿತ್ರು ಬರದಾರ. ಇದರಾಗ ನಿಮ್ಮ ಹೆಸರ ಎಲ್ಲೈತ್ರಿ? ಇನ್ನ ಮ್ಯಾಲ ಅರ್ಥಾನೂ ಅಯ್ಯನವರ ಹೇಳ್ಲಿ.”

ಸಾಹೇಬರ ಧ್ವನಿ ಏರಲಿಲ್ಲ. “ಗೌಡ್ರ, ನಿಮ್ಮ ಮಾತು ನಾ ಹೇಳ್ತೇನಿ, ಬರೋಬ್ಬರಿ ಐತೇನು ನೋಡ್ರಿ. ಬಾಯಿಮಾತು ಬದಲಾಕ್ಕೈತಿ, ಬರದದ್ದು ನಿಲ್ತೈತಿ. ನಾಳೆ ನಾ ಇಲ್ಲದಾಗ ಊರಿಗೆ ಉಳಿಯೂದು ಪುಸ್ತಕ. ಅದಕ್ಕ, ಪುಸ್ತಕದಾಗ ಇಲ್ಲದಾಂವ ಇಲ್ಲಿ ಕುಂಡ್ರಬಾರದು. ಹೌದಲ್ರಿ?”

ಗೌಡರ ವಾದ ಗೌಡರ ಬಾಯಲ್ಲಿ ಇಷ್ಟು ಗಟ್ಟಿಯಾಗಿ ಬಂದಿರಲಿಲ್ಲ. ‘ಹೌದು’ ಎಂದರೆ ಸಾಹೇಬರಿಗೆ ಉತ್ತರಿಸುವ ಹಕ್ಕು ಬರುತ್ತಿತ್ತು. ‘ಅಲ್ಲ’ ಎಂದರೆ ನಿಜವಾದ ಕಾರಣವನ್ನು ತಾವೇ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಅವರು ಎರಡನ್ನೂ ಅನ್ನಲಿಲ್ಲ.

“ಮಾತಾಡ್ರಿ ಗೌಡ್ರ! ನಾಲಗಿ ನಮ್ಮ ನಾಯಿ ಒಯ್ತೇನು?” ಎಂದಳು ನೀಲವ್ವ.

“ಹೊತ್ತಾತು, ಏಳ್ರಿ” ಎಂದು ಗೌಡರು ಎದ್ದುಹೋದರು. ಮುಂದಿನ ಸೋಮವಾರದಿಂದ ಓದು ಮಾತ್ರ ನಡೆಯಿತು. ಅರ್ಥ ಹೇಳುವುದು ನಿಂತಿತು.

ಗೌಡರು ಎದ್ದುಹೋದ ಆ ಸಂಜೆ ಸಾಹೇಬರು ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದರು. ಗೌಡರು ಒಪ್ಪಿದ್ದರೆ ಏನು ಉತ್ತರಿಸುತ್ತಿದ್ದಿರಿ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. “ಅವರು ಹೌದು ಅಂದಿಲ್ರಿ. ಉತ್ತರ ಹೇಳೂ ಹಕ್ಕ ನನಗಿನ್ನೂ ಬಂದಿಲ್ಲ.” ಅವರು ತೀರಿಹೋಗುವವರೆಗೂ ಆ ಉತ್ತರವನ್ನು ಯಾರಿಗೂ ಹೇಳಲಿಲ್ಲ. ಅದು ಏನಿರಬಹುದೆಂದು ನಾನು ಇಂದಿಗೂ ಯೋಚಿಸುತ್ತೇನೆ.

ಪರರ ವಿಚಾರವನ್ನು ಅಧ್ಯಯನ ಮಾಡಿದವನು ಮುಂದೆ ಆಗುವುದನ್ನೂ ಹೊರಬೇಕು: ವೃತ್ತಿ ನನಗೆ ಕಲಿಸಿದ್ದು ಇದು. ಆದ್ದರಿಂದ ವಿಭಾಗದ ಇಂದಿನ ಮುಖ್ಯಸ್ಥರೇ, ಆ ಟೇಪುಗಳು ನಿಮ್ಮ ಉಗ್ರಾಣದಲ್ಲಿವೆ. ಪ್ರತಿ ಮಾಡಿಸಿ ಸಾಹೇಬರ ಮಗಳಿಗೆ ಕೊಡಿ. ಪುಸ್ತಕವನ್ನು ಮರುಮುದ್ರಿಸಿ, ಮುಖಪುಟದಲ್ಲಿ ಹುಸೇನಸಾಹೇಬರ ಹೆಸರನ್ನೂ ಒಳಗೆ ನೀಲವ್ವನ ಪ್ರಶ್ನೆಯನ್ನೂ ಅವಳ ಮಾತಿನಲ್ಲೇ ಹಾಕಿ. ಆಮೇಲೆ ಒಂದು ಸೋಮವಾರ ಆ ಗದ್ದುಗೆಗೆ ಹೋಗಿ ಅದನ್ನು ಊರಿನವರ ಮುಂದೆ ಓದಿ, ಅವರು ‘ಹೌದು, ಇದೇ ನಮ್ಮ ಮಾತು’ ಎನ್ನುವವರೆಗೆ ಅಲ್ಲಿಂದ ಏಳಬೇಡಿ.