ಪಂಕ್ತಿ ಎದ್ದ ಮೇಲೆ

ಶಂಕರಪುರದ ನಮ್ಮ ದೊಡ್ಡತ್ತೆ ಸೆರಗನ್ನು ಸೊಂಟಕ್ಕೆ ಬಿಗಿದು ಬಡಿಸಲು ನಿಂತರೆಂದರೆ ಯಾರ ಮಾತೂ ನಡೆಯುತ್ತಿರಲಿಲ್ಲ. "ನಮ್ಮನೇಲಿ ಪಂಕ್ತಿಭೇದ ಇಲ್ಲಪ್ಪ" ಅನ್ನೋದು ಅವರ ಮಂತ್ರ. ಒಂದೇ ಸಾಲಿನಲ್ಲಿ ಕೂತವರಿಗೆ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಬಡಿಸುವುದು ಅವರ ಪಾಲಿಗೆ ಪಾಪ. ಅಳಿಯನಿಗೆ ಎಷ್ಟು ತುಪ್ಪವೋ, ಗ್ಯಾಸ್ ಸಿಲಿಂಡರ್ ತಂದು ಊಟಕ್ಕೆ ಕೂತವನಿಗೂ ಅಷ್ಟೇ.

ನನಗೆ ಶುಗರ್ ಬಂದ ವರ್ಷ ಯುಗಾದಿ ಊಟಕ್ಕೆ ಹೋದಾಗ ಬಾಗಿಲಲ್ಲೇ ಅವರ ಕಿವಿಯಲ್ಲಿ ಹೇಳಿದೆ. "ಅತ್ತೆ, ನಂಗೆ ಒಬ್ಬಟ್ಟು ಹಾಕ್ಬೇಡಿ. ಯಾರಿಗೂ ಹೇಳ್ಲೂಬೇಡಿ, ಆಮೇಲೆ ಎಲ್ರೂ ಹಾಗಲಕಾಯಿ ರಸದ ಭಾಷಣ ಶುರು ಮಾಡ್ತಾರೆ."

"ಹೂಂ" ಅಂದು ಒಳಗೆ ಹೋದರು.

ಎಲೆಗೆ ಪಲ್ಯ ಬಂತು, ಮಾವಿನಕಾಯಿ ಚಿತ್ರಾನ್ನ ಬಂತು, ಸಾರು ಬಂತು, ಕೊನೆಗೆ ಮಜ್ಜಿಗೆಯೂ ಬಂತು. ಒಬ್ಬಟ್ಟಿನದು ಮಾತ್ರ ಬರೀ ಘಮ. ಚಿಕ್ಕಪ್ಪ ತಡೆಯಲಾರದೆ ಕೇಳಿಯೇಬಿಟ್ಟರು: "ಅಕ್ಕಾ, ಒಬ್ಬಟ್ಟು?"

"ಇನ್ನೂ ಬಿಸಿ ಇದೆ. ಎದ್ದು ಕೈ ತೊಳ್ಕೊಳ್ಳಿ."

ಹಬ್ಬದ ದಿನ ಒಬ್ಬಟ್ಟಿಲ್ಲದೆ ಎದ್ದ ಇಡೀ ಸಾಲು ಮುಖ ಊದಿಸಿಕೊಂಡಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಸ್ಟೀಲ್ ಡಬ್ಬಿ ಬಂತು, ಎಲ್ಲವೂ ಒಂದೇ ಥರ. ಚಿಕ್ಕಪ್ಪ ಗೇಟಿನಲ್ಲೇ ಮುಚ್ಚಳ ತೆಗೆದು ಒಬ್ಬಟ್ಟು ಬಾಯಿಗಿಟ್ಟರು.

ನನ್ನದನ್ನು ಆಟೋದಲ್ಲಿ ತೆಗೆದೆ. ತುಂಬ ಕೋಸಂಬರಿ, ಅದರ ಮೇಲೆ ಎರಡು ಬೆರಳಗಲದ ಒಬ್ಬಟ್ಟಿನ ಚೂರು.

ತಕ್ಷಣ ಫೋನ್ ಮಾಡಿದೆ. "ಅತ್ತೆ, ಇದು ಭೇದ ಅಲ್ವಾ?"

"ಪಂಕ್ತಿ ಎದ್ದಾಯ್ತಲ್ಲೋ," ಅಂದರು.