ಮುನಿಯಣ್ಣನ ಕಿವಿ, ನನ್ನ ಕಾರಿನ ಟೈಮಿಂಗ್

ನಾನು ಒಂದು ಸತ್ಯ ಹೇಳಿದೆ. ಮಾರನೆಯ ದಿನದಿಂದ ಒಂದು ಗ್ಯಾರೇಜಿನ ಷಟರ್ ಮುಚ್ಚಿತು.

ಸುಳ್ಳು ಹೇಳಿ ಸಿಕ್ಕಿಬಿದ್ದವರ ಕಥೆಗಳನ್ನು ನೀವು ಬೇಕಾದಷ್ಟು ಕೇಳಿದ್ದೀರಿ. ಇದು ನಿಜ ಹೇಳಿ ಸಿಕ್ಕಿಬಿದ್ದವನ ಕಥೆ. ಮೂರು ವಾರದಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಈ ಅಂಕಣವನ್ನೇ ನಾಲ್ಕು ಸಲ ಶುರು ಮಾಡಿ ಅಳಿಸಿದ್ದೇನೆ. (ಸಂಪಾದಕರು ಫೋನ್ ಮಾಡಿದಾಗ 'ಆಲ್ಮೋಸ್ಟ್ ಮುಗೀತು ಸಾರ್' ಎಂದಿದ್ದೆ. ಅದು ಮಾತ್ರ ಸುಳ್ಳು.)

ನನ್ನ ಕಾರು ಕಾರ್ಬುರೇಟರ್ ಕಾಲದ್ದು. ನನ್ನ ಹೆಂಡತಿ ಅದನ್ನು 'ನಿಮ್ಮ ಮೊದಲನೇ ಸಂಸಾರ' ಎನ್ನುತ್ತಾಳೆ. ಹೊಸ ಗಾಡಿಗಳಲ್ಲಿ ಕಿಡಿ ಯಾವಾಗ ಹಾರಬೇಕು ಎನ್ನುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ನನ್ನದರಲ್ಲಿ ಹಾಗಲ್ಲ. ಡಿಸ್ಟ್ರಿಬ್ಯೂಟರ್ ಎನ್ನುವ ಒಂದು ಡಬ್ಬಿ ಇದೆ. ಅದರ ಬೋಲ್ಟ್ ಸಡಿಲಿಸಿ, ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ಟೈಮಿಂಗ್ ಹೊಂದಿಸಬೇಕು.

ಏನಿದು ಟೈಮಿಂಗ್? ಇಂಜಿನ್ನಿನೊಳಗೆ ಪಿಸ್ಟನ್ ಮೇಲಕ್ಕೆ ಬರುತ್ತದೆ. ಸರಿಯಾದ ಗಳಿಗೆಗೆ ಪ್ಲಗ್ಗಿನಿಂದ ಕಿಡಿ ಹಾರಬೇಕು. ತಡವಾದರೆ ಗಾಡಿ ಸೋಮಾರಿಯಾಗುತ್ತದೆ. ಬೇಗ ಆದರೆ? ಜೋಕಾಲಿ ಇನ್ನೂ ನಿಮ್ಮ ಕಡೆಗೆ ಬರುತ್ತಿರುವಾಗಲೇ ತಳ್ಳಿದ ಹಾಗೆ. ಏರು ಹತ್ತುವಾಗ ಒಳಗಿನಿಂದ ಟಿಣಿಟಿಣಿ ಎಂದು ಸಣ್ಣ ಸದ್ದು ಬರುತ್ತದೆ, ಸ್ಟೀಲ್ ಡಬ್ಬಿಯಲ್ಲಿ ಹುಣಸೆಬೀಜ ಅಲ್ಲಾಡಿಸಿದಂತೆ. ಮೆಕ್ಯಾನಿಕ್‌ಗಳು ಅದಕ್ಕೆ ನಾಕಿಂಗ್ ಎನ್ನುತ್ತಾರೆ. ಕೇಳಿಸಿಯೂ ಹಾಗೇ ಓಡಿಸಿದರೆ ಒಂದು ದಿನ ಪಿಸ್ಟನ್ನೇ ತೂತು ಬೀಳುತ್ತದೆ.

ಈ ಕೆಲಸಕ್ಕೆ ಇಪ್ಪತ್ತು ವರ್ಷದಿಂದ ನಾನು ಹೋಗುತ್ತಿದ್ದುದು ಮುನಿಯಣ್ಣನ ಹತ್ತಿರ. ಮಲ್ಲತ್ತಹಳ್ಳಿಯ ಹಳೇ ಒಕ್ಕಲು ಮನೆಯವರು. ಹೊಲವೆಲ್ಲ ಲೇಔಟ್ ಆದಾಗ ಅಣ್ಣತಮ್ಮಂದಿರು ಬಿಲ್ಡಿಂಗ್ ಕಟ್ಟಿ ಬಾಡಿಗೆಗೆ ಬಿಟ್ಟರು. ಇವರು ಶ್ರೀಗಂಧದ ಕಾವಲಿನ ತಮ್ಮ ಸೈಟಿನಲ್ಲಿ ಶೀಟು ಹೊದಿಸಿ ಗ್ಯಾರೇಜ್ ತೆರೆದರು. ಈಗ ವಯಸ್ಸು ಎಪ್ಪತ್ತರ ಹತ್ತಿರ. ಹೊಟ್ಟೆಪಾಡಿಗೆ ಗ್ಯಾರೇಜ್ ಬೇಕಿಲ್ಲ. ಬೆಳಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೆ ಬೇಕು.

ಟೈಮಿಂಗ್ ಅಳೆಯುವ ಲೈಟ್ ಒಂದಿದೆ, ಅವರು ಅದನ್ನು ಮುಟ್ಟುವವರಲ್ಲ. ಎಲ್ಲ ಕಿವಿಯಲ್ಲೇ. ಮಾಲೀಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾಗರಭಾವಿ ಕಡೆಯ ಒಂದು ಏರಿಗೆ ಹೋಗುತ್ತಾರೆ. ಅಲ್ಲಿ ರಸ್ತೆಗೆ ಅಂಟಿಕೊಂಡಂತೆ ಉದ್ದನೆಯ ಕಾಂಪೌಂಡ್ ಗೋಡೆ. ಕಿಟಕಿ ಗಾಜು ಇಳಿಸಿ, ಥರ್ಡ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಇಂಜಿನ್ ಸದ್ದು ಗೋಡೆಗೆ ಬಡಿದು ವಾಪಸ್ ಕಿವಿಗೇ ಬರುತ್ತದೆ. ಆಗ ಯಾರೂ ಬಾಯಿ ಬಿಡುವ ಹಾಗಿಲ್ಲ. ಏರಿನ ತುದಿಯಲ್ಲಿ ಇಳಿದು ಡಿಸ್ಟ್ರಿಬ್ಯೂಟರ್ ಚೂರು ಮುಂದಕ್ಕೆ ತಿರುಗಿಸುವುದು, ಮತ್ತೆ ಕೆಳಗಿಂದ ಹತ್ತುವುದು. ಟಿಣಿಟಿಣಿ ಕೇಳಿಸುವ ತನಕ ಹೀಗೇ. ಕೇಳಿಸಿದ ಕೂಡಲೇ ಕೂದಲೆಳೆಯಷ್ಟು ಹಿಂದಕ್ಕೆ. ಬೋಲ್ಟ್ ಟೈಟ್. ಕೆಲಸ ಮುಗಿಯಿತು.

ನನಗೋ, ಆ ಏರಿನಲ್ಲಿ ಬಾಯಿ ಮುಚ್ಚಿ ಕೂರುವುದೇ ಶಿಕ್ಷೆ. ಸಿಗ್ನಲ್ ಹಸಿರಾಗುವ ಮೊದಲೇ ಹಾರನ್ ಹೊಡೆಯುವವನು ನಾನು. ಕುಕ್ಕರ್ ತಣ್ಣಗಾಗುವ ಮೊದಲೇ ಮುಚ್ಚಳಕ್ಕೆ ಕೈ ಹಾಕುವವನು. ಇನ್ನೊಬ್ಬರ ವಾಕ್ಯವನ್ನು ನಾನೇ ಮುಗಿಸಿಕೊಡುವವನು. (ಮನೆಯಲ್ಲಿ ಇದಕ್ಕೆ ಬೇರೆ ಹೆಸರಿದೆ, ಇಲ್ಲಿ ಬರೆಯುವಂತಿಲ್ಲ.)

ಕೆಲಸ ಮುಗಿದ ಗಾಡಿಯನ್ನು ಮನೆಗೆ ತಂದು ಬಿಡುತ್ತಿದ್ದವಳು ಮುನಿಯಣ್ಣನ ಮಗಳು ಗೀತಾ. ಮೂವತ್ತೈದರ ಆಸುಪಾಸು. ಗಂಡನ ಜೊತೆ ಅಪ್ಪನ ಮನೆಯ ಮೇಲಿನ ಪೋರ್ಷನ್ನಿನಲ್ಲೇ ಇದ್ದಾಳೆ. ಮಧ್ಯಾಹ್ನ ಅಪ್ಪನಿಗೆ ಕ್ಯಾರಿಯರ್ ತರುತ್ತಾಳೆ, ಸಂಜೆ ಒಂದೊಂದೇ ಗಾಡಿಯನ್ನು ಅವರವರ ಮನೆಗೆ ತಲುಪಿಸುತ್ತಾಳೆ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಯಾಕೆ ಬೇಕು ಎಂದು ನಾನು ಹೆಂಡತಿಯ ಮುಂದೆ ಎಷ್ಟೋ ಸಲ ಗೊಣಗಿದ್ದೇನೆ. ನನ್ನ ಪೆಟ್ರೋಲಿನಲ್ಲಿ ಊರು ಸುತ್ತುತ್ತಾಳೆ ಎಂದೂ ಹೇಳಿದ್ದೇನೆ.

ಹೋದ ತಿಂಗಳು ಗೀತಾ ನಾದಿನಿಯ ಮದುವೆಗೆಂದು ಹಾಸನಕ್ಕೆ ಹೋಗಿದ್ದಳು. ನಾನೇ ಗ್ಯಾರೇಜಿಗೆ ಹೋಗಿ ಕಾರು ತಂದೆ. ಮೊದಲನೆಯ ಏರಿನಲ್ಲೇ ಶುರುವಾಯಿತು ನೋಡಿ, ಹುಣಸೆಬೀಜದ ಸದ್ದು. ಮಾರನೆಯ ದಿನ ವಾಪಸ್ ಒಯ್ದೆ. ಮುನಿಯಣ್ಣ ಟ್ರಯಲ್ ಹೊಡೆದರು. ಕಾಂಪೌಂಡ್ ಗೋಡೆ ಪಕ್ಕ ಕಾರು ಟಿಣಿಟಿಣಿ ಎನ್ನುತ್ತಿದೆ, ಇವರು ತಲೆ ಅಲ್ಲಾಡಿಸಿ ಬೆಣ್ಣೆ ಥರ ಇದೆ ಎಂದರು. ಪೆಟ್ರೋಲ್ ಸರಿ ಇರಲ್ಲ ಸಾರ್ ಈಗ, ಎಂದೂ ಸೇರಿಸಿದರು. ನಾನು ನಂಬಿದೆ. ಎರಡು ದಿನ ಬಿಟ್ಟು ಮತ್ತೆ ಹೋದೆ. ಮತ್ತೆ ಬೆಣ್ಣೆ.

ಮೂರನೆಯ ಸಲ, ಶನಿವಾರ, ಏರು ಹತ್ತುತ್ತಿರುವಾಗ ಅವರ ಅಂಗಿಯ ಜೇಬಿನಲ್ಲಿ ಫೋನ್ ರಿಂಗಾಯಿತು. ಕೀರಲು ರಿಂಗ್‌ಟೋನು. ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು. ಮುನಿಯಣ್ಣ ಎದುರಿನ ರಸ್ತೆಯನ್ನೇ ನೋಡುತ್ತಾ ಇಂಜಿನ್ ಸದ್ದಿಗೆ ಕಿವಿಗೊಟ್ಟಿದ್ದರು. ಆಗ ನನ್ನ ತಲೆಯಲ್ಲಿ ಬಲ್ಬು ಹತ್ತಿತು. ದಪ್ಪ ಸದ್ದು ಅವರಿಗೆ ಕೇಳಿಸುತ್ತಿದೆ. ತೆಳು ಸದ್ದು ಕೇಳಿಸುತ್ತಿಲ್ಲ. ಟಿಣಿಟಿಣಿ ಕೇಳಿಸುವ ತನಕ ತಿರುಗಿಸಬೇಕು ಎನ್ನುವುದು ಅವರ ಲೆಕ್ಕ. ಕೇಳಿಸದಿದ್ದರೆ? ತಿರುಗಿಸುತ್ತಲೇ ಇರುತ್ತಾರೆ.

ಕಂಡುಹಿಡಿದೆನಲ್ಲ, ಇನ್ನು ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ಗ್ಯಾರೇಜಿಗೆ ವಾಪಸ್ ಬಂದು ಇಳಿಯುತ್ತಲೇ, ಟೀ ಕುಡಿಯುತ್ತಾ ನಿಂತಿದ್ದ ಮೂವರು ಗಿರಾಕಿಗಳ ಎದುರಿಗೆ, ಮುನಿಯಣ್ಣನಿಗೆ ಕೇಳಿಸಲಿ ಎಂದು ದನಿ ಏರಿಸಿಯೇ ಹೇಳಿದೆ:

"ಮುನಿಯಣ್ಣ, ಗಾಡಿದೇನೂ ತಪ್ಪಿಲ್ಲ. ನಿಮಗೇ ಕಿವಿ ಕೇಳಿಸ್ತಿಲ್ಲ."

ಮೂವರ ಲೋಟಗಳೂ ನಿಂತವು. ಒಬ್ಬ ಟಪ್ಪನೆ ತನ್ನ ಜೀಪಿನ ಕಡೆ ನೋಡಿದ. ಅದರ ಕೆಲಸವೂ ಮುನಿಯಣ್ಣನದೇ. ಮುನಿಯಣ್ಣ ಸ್ಪ್ಯಾನರನ್ನು ಟ್ರೇಯಲ್ಲಿ ಅದರ ಜಾಗಕ್ಕೇ ಇಟ್ಟರು, ಕೀ ತಂದು ನನ್ನ ಕೈಗೆ ಕೊಟ್ಟರು.

"ಬೇರೆ ಕಡೆ ತೋರ್ಸಿ ಸಾರ್."

ಅಷ್ಟೇ. ಇಪ್ಪತ್ತು ವರ್ಷಕ್ಕೆ ನಾಲ್ಕು ಪದ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಒಳ್ಳೆಯದಕ್ಕೇ ತಾನೇ ಹೇಳಿದ್ದು? ಕಿವಿಗೆ ಮಿಷನ್ ಹಾಕಿಸಿಕೊಂಡರೆ ಆಯಿತಲ್ಲ? ನನ್ನಂಥವರಿಗೆ ಒಂದು ಹೆಮ್ಮೆ ಇರುತ್ತದೆ: ನಾನು ಸ್ಟ್ರೈಟ್ ಫಾರ್ವರ್ಡ್, ಮನಸ್ಸಿನಲ್ಲಿ ಒಂದು ಹೊರಗೆ ಒಂದು ಇಲ್ಲ. ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಲಾಗದ ಚಡಪಡಿಕೆಗೆ ನಾವು ಕೊಟ್ಟುಕೊಂಡ ಹೆಸರು ಅದು ಎಂದು ಅವತ್ತು ಗೊತ್ತಿರಲಿಲ್ಲ.

ಭಾನುವಾರ ಷಟರ್ ಮುಚ್ಚಿತ್ತು. ಸೋಮವಾರವೂ. ಬುಧವಾರ ನನಗೆ ತಡೆಯಲಾಗಲಿಲ್ಲ. ಮಲ್ಲತ್ತಹಳ್ಳಿಯ ಅವರ ಮನೆಗೆ ಹೋದೆ. ಗೇಟಿನಲ್ಲಿ ಗೀತಾ ಸಿಕ್ಕಳು. ಮದುವೆಯಿಂದ ವಾಪಸ್ ಬಂದಿದ್ದಳು. ಒಳಗೆ ಕರೆಯಲಿಲ್ಲ. ಅಪ್ಪ ಮಲಗಿದ್ದಾರೆ ಎಂದಳು. ಬೆಳಗ್ಗೆ ಹನ್ನೊಂದು ಗಂಟೆ ಅದು.

ಅಪ್ಪನ ಕಿವಿ ವಿಷಯ ನಿಮಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಕೇಳಬಾರದಿತ್ತು, ಕೇಳಿದೆ. ಅವಳು ಹೆಗಲಿನ ವ್ಯಾನಿಟಿ ಬ್ಯಾಗಿನ ಜಿಪ್ ಎಳೆದು ತೋರಿಸಿದಳು. ಬಾಚಣಿಗೆ, ಮನೆ ಕೀ, ಕರವಸ್ತ್ರದ ನಡುವೆ ಒಂದು ಸ್ಪ್ಯಾನರ್.

ಎರಡು ವರ್ಷದಿಂದ ಅಪ್ಪ ಮುಗಿಸಿದ ಪ್ರತಿ ಹಳೇ ಗಾಡಿಯನ್ನೂ ಅವಳು ಅದೇ ಏರಿಗೆ ಒಯ್ಯುತ್ತಿದ್ದಳು. ಗಾಜು ಇಳಿಸಿ, ಗೋಡೆ ಪಕ್ಕ ಹತ್ತಿಸಿ, ತಾನೇ ಕೇಳಿಸಿಕೊಂಡು, ಬೋಲ್ಟ್ ಸಡಿಲಿಸಿ, ಅಪ್ಪ ಹೆಚ್ಚಾಗಿ ತಿರುಗಿಸಿದ್ದಷ್ಟನ್ನು ಹಿಂದಕ್ಕೆ ತಂದು, ಆಮೇಲೆ ನಮ್ಮ ನಮ್ಮ ಮನೆ ಮುಂದೆ ನಿಲ್ಲಿಸುತ್ತಿದ್ದಳು. ಚಿಕ್ಕಂದಿನಿಂದ ಅದೇ ಸೀಟಿನಲ್ಲಿ ಬಾಯಿ ಮುಚ್ಚಿ ಕೂತು ಕಲಿತದ್ದಂತೆ. ಮುಕ್ಕಾಲು ಗಂಟೆ ಹೋಗುತ್ತಿದ್ದುದು ಇದಕ್ಕೆ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಪ್ಪನಿಗೆ ಇದು ಗೊತ್ತಿರಲಿಲ್ಲವಾ?

"ತಾವು ಟೈಟ್ ಮಾಡಿದ ಬೋಲ್ಟ್ ಮೇಲೆ ಬೇರೆ ಗೀರು ಬಿದ್ದಿದ್ರೆ ಅವ್ರಿಗೆ ಗೊತ್ತಾಗಲ್ವಾ ಸಾರ್? ಅವ್ರೂ ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ನಡ್ಕೊಂಡು ಹೋಗ್ತಿತ್ತು."

ಬ್ಯಾಗಿನ ಜಿಪ್ ಮುಚ್ಚುತ್ತಾ ಹೇಳಿದಳು. "ಈಗ ಅಂಗಡಿಗೆ ಹೋದ್ರೆ ಎಲ್ರೂ ನನ್ ಕಿವೀನೇ ನೋಡ್ತಾರೆ ಅಂತಾರೆ ಅಪ್ಪ. ಬೆಳಗ್ಗೆ ಏಳ್ತಾನೇ ಇಲ್ಲ."

ಇಬ್ಬರಿಗೂ ಗೊತ್ತಿದ್ದ ಗುಟ್ಟು ಅದು. ಗೊತ್ತಿಲ್ಲದಿದ್ದವನು ನಾನೊಬ್ಬ. ಊರಿಗೆಲ್ಲ ಕೂಗಿ ಹೇಳಿದವನೂ ನಾನೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಹತ್ತು ಅಂಕಕ್ಕೆ ಗಾದೆ ವಿಸ್ತರಿಸಿ ಬರೆದಿದ್ದೆ. ಪಾಸು ಮಾಡಿದ ಮೇಷ್ಟ್ರನ್ನು ಏನೆನ್ನಬೇಕು?

ನಮ್ಮ ಮನೆಗಳನ್ನೇ ನೋಡಿ. ಅತ್ತೆ ಸಾರಿಗೆ ಉಪ್ಪು ಮರೆಯುತ್ತಾರೆ, ಸೊಸೆ ಬಡಿಸುವ ಮೊದಲು ಹಾಕಿರುತ್ತಾಳೆ. ಮಾವನಿಗೆ ಪೇಪರಿನ ಅಕ್ಷರ ಕಾಣುವುದಿಲ್ಲ, ಮೊಮ್ಮಗಳು 'ಓದಿ ಹೇಳ್ಲಾ ತಾತ, ನಂಗೆ ಪ್ರಾಕ್ಟೀಸ್ ಆಗುತ್ತೆ' ಎನ್ನುತ್ತಾಳೆ. ಎಷ್ಟು ಮನೆಗಳು ಹೀಗೆ ಯಾರೂ ಬಾಯಿ ಬಿಡದೆ ನಡೆಯುತ್ತಿಲ್ಲ? ಅದರ ಮಧ್ಯೆ ನನ್ನಂಥವನೊಬ್ಬ ಟಾರ್ಚ್ ಹಿಡಿದು ನುಗ್ಗುತ್ತಾನೆ. ನುಗ್ಗಿ, ನಾನು ಉಪಕಾರ ಮಾಡಿದೆ ಎಂದುಕೊಳ್ಳುತ್ತಾನೆ.

ಅಲ್ಲಿಂದ ಎರಡು ವಾರ ಹೇಗೆ ಕಳೆದೆನೋ. ದಿನಕ್ಕೊಂದು ಸಲ ಗ್ಯಾರೇಜಿನ ಮುಂದೆ ಹಾದು ಹೋಗುತ್ತಿದ್ದೆ, ಬೀಗ ನೋಡಿ ಬರುತ್ತಿದ್ದೆ. ಹಾಲು ತರುವುದಕ್ಕೆ ಶ್ರೀಗಂಧದ ಕಾವಲಿಗೆ ಯಾಕೆ ಹೋಗಬೇಕು ಎಂದು ಹೆಂಡತಿ ಕೇಳಿದಳು. ನಮ್ಮ ಮನೆ ಇರುವುದು ಮಾರೇನಹಳ್ಳಿಯಲ್ಲಿ.

ಮೊನ್ನೆ ಭಾನುವಾರ ಬೆಳಗ್ಗೆ ಷಟರ್ ಅರ್ಧ ತೆರೆದಿತ್ತು. ಕ್ಷಮೆ ಕೇಳುವುದಕ್ಕೆ ನನ್ನ ಹತ್ತಿರ ಒಂದು ಭಾಷಣವೇ ತಯಾರಿತ್ತು. ದಾರಿಯ ಸಿಗ್ನಲ್ಲುಗಳಲ್ಲಿ ಪ್ರಾಕ್ಟೀಸ್ ಮಾಡಿಕೊಂಡೇ ಬಂದಿದ್ದೆ. ಬಗ್ಗಿ ನೋಡಿದೆ.

ಒಳಗೆ ಅವತ್ತಿನ ಗಿರಾಕಿಯ ಅದೇ ಜೀಪು, ಇಂಜಿನ್ ಓಡುತ್ತಿತ್ತು. ತೆರೆದ ಬಾನೆಟ್ಟಿನೊಳಗೆ ಬಾಗಿದ್ದವಳು ಗೀತಾ. ಡಿಸ್ಟ್ರಿಬ್ಯೂಟರ್ ಈಗ ಅವಳ ಕೈಯಲ್ಲಿತ್ತು, ಅಪ್ಪನ ಎದುರಿಗೇ. ಮುನಿಯಣ್ಣ ಕಣ್ಣು ಮುಚ್ಚಿ, ಅಂಗೈ ಅಗಲಿಸಿ ಅದುರುತ್ತಿದ್ದ ಜೀಪಿನ ಮೈಮೇಲೆ ಇಟ್ಟುಕೊಂಡು ನಿಂತಿದ್ದರು. ಅವಳು ಚೂರು ತಿರುಗಿಸಿದಳು. ಅವರು ತಲೆ ಅಲ್ಲಾಡಿಸಿ ಸಾಲದು ಎಂದರು. ಇನ್ನೊಂದು ಚೂರು. ಬೆರಳೊಂದನ್ನು ಎತ್ತಿದರು. ಅವಳು ನಿಲ್ಲಿಸಿ, ತಾನೂ ಒಂದು ನಿಮಿಷ ಕಿವಿಗೊಟ್ಟು, ಹ್ಞೂಂ ಎಂದಳು.

ನನ್ನ ನಾಲಿಗೆ ತುದಿಗೆ ಏನೇನೋ ಬಂತು. ಕೈ ಇಟ್ಟು ಹೇಗೆ ಗೊತ್ತಾಗುತ್ತೆ ಎಂದು ಕೇಳಬೇಕೆನ್ನಿಸಿತು. ಜೀಪಿನವನು ವಾಪಸ್ ಬಂದನಲ್ಲ ಎನ್ನಬೇಕೆನ್ನಿಸಿತು. ಕಾಲು ತಾನಾಗಿಯೇ ನೆಲ ಕುಟ್ಟುತ್ತಿತ್ತು, ಅದನ್ನೂ ತಡೆದೆ. ಐದು ನಿಮಿಷವೋ ಹತ್ತು ನಿಮಿಷವೋ, ಷಟರ್ ಹೊರಗೆ ಸುಮ್ಮನೆ ನಿಂತೆ. ನನ್ನ ಜೀವಮಾನದ ದಾಖಲೆ ಇರಬೇಕು ಅದು.

ಇಂಜಿನ್ ಆಫ್ ಆಯಿತು. ಮುನಿಯಣ್ಣ ಕಣ್ಣು ಬಿಟ್ಟು ತಿರುಗಿದರು, ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ, ಮುಚ್ಚಿದೆ. ಅವರು ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು.

"ಏನ್ ಸಾರ್, ಇವತ್ತು ಏನೂ ಹೇಳಲ್ವಾ?"