ವಿಟಮಿನ್ ಮಾತ್ರೆ

ಮದುವೆಯಾಗಿ ಮೂರು ತಿಂಗಳೊಳಗೆ ನನಗೆ ಅತ್ತೆಯ ಮೇಲೆ ಸಂಶಯ ಶುರುವಾಯಿತು. ಬೈಕಂಪಾಡಿಯ ಪೈಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ಕಂಪನಿ ಬಸ್ಸು ಹಿಡಿಯಲು ಬೆಳಿಗ್ಗೆ ಏಳೂಕಾಲಿಗೆ ಮಣ್ಣಗುಡ್ಡದ ಮನೆ ಬಿಡುತ್ತಿದ್ದೆ. ಸಂಜೆ ಬಂದು ನೋಡಿದರೆ ಕಪಾಟಿನಲ್ಲಿ ನನ್ನ ಬಟ್ಟೆಗಳ ಮಡಿಕೆ ಬದಲಾಗಿರುತ್ತಿತ್ತು. ನಾನು ಚಪ್ಪಲಿ ಮೆಟ್ಟುವಾಗ ಅತ್ತೆ ದಿನವೂ ಕೇಳುತ್ತಿದ್ದ "ಇವತ್ತು ಎಷ್ಟೊತ್ತಿಗೆ ಬರುದು?" ಎಂಬ ಮಾತೂ ಆಮೇಲೆ ನನಗೆ ಬೇರೆ ಅರ್ಥದಲ್ಲಿ ಕೇಳತೊಡಗಿತು.

ಅತ್ತೆ ನನ್ನ ಕಪಾಟು ತೆರೆದು ನೋಡುತ್ತಾರೆಂದು ಗಂಡನಿಗೆ ಹೇಳಿದೆ. "ಅಮ್ಮ ಹಾಗೆಲ್ಲ ಮಾಡುವವರಲ್ಲ ಮಾರಾಯ್ತಿ, ನಿನ್ನ ಭ್ರಮೆ" ಎಂದು ನಕ್ಕರು.

ಒಂದು ಶನಿವಾರ ಕಾರ್ಖಾನೆಯಲ್ಲಿ ಕರೆಂಟು ಕೈಕೊಟ್ಟು ನಮ್ಮನ್ನು ಮಧ್ಯಾಹ್ನಕ್ಕೆ ಮೊದಲೇ ಕಳಿಸಿದರು. ಮನೆಗೆ ಬಂದರೆ ನನ್ನ ಕಪಾಟು ತೆರೆದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ನನ್ನ ಮಾತ್ರೆಯ ಸ್ಟ್ರಿಪ್ ಹಿಡಿದು ಓದುತ್ತಿದ್ದರು.

"ಎಂತ ನೋಡ್ತಾ ಇದ್ದೀರಿ ಅತ್ತೆ?"

ಬೆಚ್ಚಿದರು, ಆದರೆ ಸ್ಟ್ರಿಪ್ಪನ್ನು ಕೆಳಗಿಡಲಿಲ್ಲ. "ನಿನಗೆ ಎಂತ ಕಾಯಿಲೆ? ಮದುವೆಗೆ ಮೊದಲೇ ಇತ್ತಾ? ಸತ್ಯ ಹೇಳು."

ನನ್ನ ತವರಿನವರು ರೋಗ ಮುಚ್ಚಿಟ್ಟು ಮದುವೆ ಮಾಡಿದ್ದಾರೆಂದು ಅವರು ಅಷ್ಟು ದಿನ ಒಳಗೊಳಗೇ ಬೇಯುತ್ತಿದ್ದರಂತೆ.

"ಕಾಯಿಲೆ ಇಲ್ಲ. ಮಕ್ಕಳು ಈಗ ಬೇಡ ಅಂತ. ಪ್ರಮೋಷನ್‌ಗೆ ಇನ್ನೆರಡು ವರ್ಷ ಉಂಟು. ನಾವಿಬ್ಬರೂ ಸೇರಿಯೇ ತೀರ್ಮಾನ ಮಾಡಿದ್ದು."

ಅತ್ತೆ ಮಂಚದ ಮೇಲೆ ಕೂತರು. "ಅವನಿಗೂ ಗೊತ್ತುಂಟಾ? ಹೋದ ತಿಂಗಳು ಕೇಳಿದ್ದಕ್ಕೆ ವಿಟಮಿನ್ ಮಾತ್ರೆ ಅಂದ."

ಅಂದರೆ ಕಪಾಟು ತೆರೆಯುವ ವಿಷಯ ಗಂಡನಿಗೆ ಗೊತ್ತಿತ್ತು. ಗೊತ್ತಿದ್ದೇ ನನಗೆ ಭ್ರಮೆ ಎಂದಿದ್ದರು.

ಸಂಜೆ ಗಂಡ ಬ್ಯಾಂಕಿನ ಕೆಲಸ ಮುಗಿಸಿ ಬಂದು ಶೂ ಬಿಚ್ಚುವ ಮೊದಲೇ ಅತ್ತೆ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟರು. ಗಂಡ ನಮ್ಮಿಬ್ಬರ ಮುಖ ನೋಡಿ, "ಮನೆಯಲ್ಲಿ ಜಗಳ ಬೇಡ ಅಂತ..." ಎಂದು ಶೂ ಬಿಚ್ಚಲು ಬಗ್ಗಿದರು.

"ನಾವು ಯಾವಾಗ ಜಗಳ ಮಾಡಿದ್ದು?" ಎಂದರು ಅತ್ತೆ.

ಮಾತ್ರೆಯ ವಿಷಯಕ್ಕೆ ಅತ್ತೆಯ ಸಿಟ್ಟು ಹತ್ತು ದಿನ ಇಳಿಯಲಿಲ್ಲ. ಊಟ ಬಡಿಸುತ್ತಿದ್ದರು, ಮಾತಿಲ್ಲ. ಕೊನೆಗೊಂದು ಬೆಳಿಗ್ಗೆ, "ಎರಡು ವರ್ಷ ಅಂದರೆ ಎರಡೇ" ಎಂದು ನನ್ನ ಟಿಫಿನ್ ಡಬ್ಬಿಯ ಮುಚ್ಚಳ ಒತ್ತಿದರು. ನಾನು ಡಬ್ಬಿಯನ್ನು ಚೀಲಕ್ಕೆ ಹಾಕಿ ಚಪ್ಪಲಿ ಮೆಟ್ಟಿದೆ.

ಅತ್ತೆ ನನ್ನನ್ನು ಪೂರ್ತಿ ನಂಬಿದರೆಂದು ಹೇಳಲಾರೆ. ನಾನೂ ಅವರನ್ನು ನಂಬಿರಲಿಲ್ಲ. ಆದರೆ ಆಮೇಲೆ ಗಂಡ ಏನು ಹೇಳಿದರೂ, ನಾನು ಅಡುಗೆಮನೆಗೆ ಹೋಗಿ, "ನಿಮ್ಮ ಹತ್ತಿರ ಎಂತ ಹೇಳಿದ್ದಾರೆ ಅತ್ತೆ?" ಎಂದು ಕೇಳತೊಡಗಿದೆ.